ಇನ್ನೂರ ಹನ್ನೆರಡನೇ ಪುಟದ ಹುಡುಗಿ

ನನ್ನ ಟೈಪಿಂಗ್ ಅಂಗಡಿಯಲ್ಲಿ ಪುಟಕ್ಕೆ ಹದಿನೈದು ರೂಪಾಯಿಯಂತೆ ಮುನ್ನೂರ ಎಂಬತ್ತು ಪುಟದ ಕಾದಂಬರಿ ಟೈಪ್ ಮಾಡಲು ಐದು ಸಾವಿರದ ಏಳುನೂರು. ಪರಿಚಯದವರೆಂದು ಏಳುನೂರು ಬಿಟ್ಟೆ. ಕೊನೆಗೆ ಸಾರಾಂಶ ಒಂದು ಪುಟ, ಹದಿನೈದು. ಕಾದಂಬರಿ ಎರಡು ತಿಂಗಳಲ್ಲಿ ಮುಗಿದಿತ್ತು. ಆ ಒಂದು ಪುಟಕ್ಕೆ ಒಂಬತ್ತು ದಿನ ಹಿಡಿಯಿತು.

ಬರೆದವರು ನಮ್ಮ ಬೀದಿಯ ಮೀಟರ್ ಮಾವ. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ನೋಡಿ ಬರೆದುಕೊಳ್ಳುವ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿ ನಿವೃತ್ತರಾದವರು. ಕಾದಂಬರಿಯೂ ಅಂಥದೇ ಕೆಲಸದ ಒಬ್ಬನದು. ಬರೆಯಲು ಹನ್ನೊಂದು ವರ್ಷ ಹಿಡಿದಿತ್ತು. ಪ್ರಕಾಶಕರು ಹೇಳಿದ್ದು ಇಷ್ಟು: ಇಡೀ ಕಥೆ ಒಂದೇ ಪುಟದಲ್ಲಿರಬೇಕು, ಯಾರು ಏನಾದರು ಎಂಬುದನ್ನು ಮುಚ್ಚಿಡಬಾರದು. ಮೊದಲು ಅದನ್ನು ಓದಿ, ಹಿಡಿಸಿದರೆ ಕಾದಂಬರಿ ನೋಡುತ್ತಾರೆ.

ಮಾವ ಹದಿನಾಲ್ಕು ಪುಟ ತಂದರು.

"ಮಾವ, ಇದು ಸಾರಾಂಶ ಅಲ್ಲ, ಕಾದಂಬರಿ ಹಾಕಿದ ಮರಿ."

"ಎಲ್ಲಿ ಕತ್ತರಿ ಹಾಕ್ಲಿ ತಾಯಿ? ಎಲ್ಲಾ ಬೇಕಾದ್ದೇ."

"ಮೂಲೆ ಮನೆ ನಾಯಿ ಎರಡು ಪುಟ ತಿಂದಿದೆ. ಮೊದ್ಲು ಅದನ್ನ ಹೊರಗೆ ಕಟ್ಟಿಹಾಕಿ."

ನಾಯಿ ಹೋಯಿತು. ಬಿಲ್ ಕಟ್ಟದ ವಕೀಲ ಹೋದ. ಹೀಗೆ ಒಬ್ಬೊಬ್ಬರನ್ನೇ ಸಾಗಹಾಕಿ ಒಂದು ಪುಟಕ್ಕೆ ಬಂದಾಗ ಉಳಿದವಳು ಕಥಾನಾಯಕನ ಏಳು ವರ್ಷದ ಮಗಳು. ಇನ್ನೂರ ಹನ್ನೆರಡನೇ ಪುಟದಲ್ಲಿ ದೊಡ್ಡಮ್ಮನ ಮನೆಗೆಂದು ಹೋಗುತ್ತಾಳೆ. ಆಮೇಲೆ ಅವಳ ಸುದ್ದಿಯೇ ಇಲ್ಲ. ಟೈಪ್ ಮಾಡುವಾಗ ಯಾವುದೋ ಹಾಳೆ ತಪ್ಪಿಹೋಗಿದೆ ಎಂದುಕೊಂಡು ನಾನು ಎರಡು ಸಲ ಎಣಿಸಿದ್ದೆ.

"ಈ ಹುಡುಗಿ ಆಮೇಲೆ ಏನಾದ್ಲು ಮಾವ?"

"ದೊಡ್ಡಮ್ಮನ ಮನೇಲಿದಾಳೆ."

"ನೂರ ಅರವತ್ತೆಂಟು ಪುಟದಿಂದಾನಾ?"

ಅವರು ಹಾಳೆಗಳನ್ನು ಜೋಡಿಸಿಕೊಂಡು ಎದ್ದುಹೋದರು. ಆರು ದಿನ ಅಂಗಡಿ ಕಡೆ ತಲೆ ಹಾಕಲಿಲ್ಲ.

ಒಂಬತ್ತನೇ ದಿನ ಮಾವನ ಹೆಂಡತಿ, ಅತ್ತೆಯೂ ಜೊತೆಗೆ ಬಂದರು. ಇಲ್ಲಿಂದ ಇಬ್ಬರೂ ಅಂಚೆ ಕಚೇರಿಗೆ ಹೋಗುವವರಿದ್ದರು. ಮಾವ ಕೈಬರಹದ ಹಾಳೆ ಕೊಟ್ಟರು, ನಾನು ಟೈಪ್ ಮಾಡಿದೆ. ಟೈಪ್ ಮಾಡಿದ್ದನ್ನು ಗಿರಾಕಿಯ ಮುಂದೆ ಗಟ್ಟಿಯಾಗಿ ಓದುವುದು ನನ್ನ ರೂಢಿ. ತಪ್ಪು ಕಣ್ಣಿಗಿಂತ ಕಿವಿಗೆ ಬೇಗ ಸಿಗುತ್ತದೆ. ಓದುತ್ತಾ ಹೋದೆ. ಮಾವ ಬೇಡವೆಂಬಂತೆ ಕೈ ಎತ್ತಿದ್ದು ಕಂಡಿತು, ಆದರೆ ಅಷ್ಟರಲ್ಲಿ ಬಾಯಿಂದ ಹೊರಬಿದ್ದಿತ್ತು:

'ಜ್ವರದಲ್ಲಿದ್ದ ಮಗಳನ್ನು ಬಿಟ್ಟು ಅವನು ಕೆಲಸಕ್ಕೆ ಹೋಗುತ್ತಾನೆ. ಸಂಜೆ ಮರಳುವಷ್ಟರಲ್ಲಿ ಅವಳು ತೀರಿಕೊಂಡಿರುತ್ತಾಳೆ. ತಪ್ಪು ಅವನದು.'

ಅವರಿಗೆ ಒಬ್ಬ ಮಗಳಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಅತ್ತೆಯ ಮುಖ ನೋಡಿದ ಮೇಲೆ ಗೊತ್ತಾಯಿತು.

"ಹೋಗಿ ಅಂದಿದ್ದು ನಾನು," ಅಂದರು ಅತ್ತೆ. "ಬರೀ ನೆಗಡಿ, ಸಂಜೆ ತೋರಿಸೋಣ ಅಂದಿದ್ದು ನಾನು. ಅದನ್ನೂ ಹಾಕಮ್ಮ."

"ನೀನೆಲ್ಲಿ ಅಂದೆ?" ಮಾವ ಅವರ ಕಡೆ ತಿರುಗಿದರು. "ನಾನಾಗ್ಲೇ ಚಪ್ಪಲಿ ಮೆಟ್ಟಿ ನಿಂತಿದ್ದೆ."

"ಅಂದೆ. ಇಪ್ಪತ್ತಾರು ವರ್ಷದಿಂದ ಅದನ್ನೇ ನುಂಗ್ಕೊಂಡಿದೀನಿ, ನಂಗೊತ್ತಿಲ್ವಾ?"

ಮಾವ ಬೆಂಚಿನ ಮೇಲೆ ಅವರ ಪಕ್ಕಕ್ಕೆ ಸರಿದು ಕೂತರು.

"ತಪ್ಪು ಅವನದು ಅನ್ನೋದನ್ನ ತೆಗಿ," ಅಂದರು ಅತ್ತೆ.

ಪುಟದಲ್ಲಿ ಎರಡು ಸಾಲಿಗೆ ಜಾಗವಿತ್ತು. ಕಾದಂಬರಿಯಲ್ಲಿ ಇಲ್ಲದ್ದು ಸಾರಾಂಶದಲ್ಲಿ ಇರಬಾರದು. ಅದು ನನಗೆ ಗೊತ್ತಿತ್ತು, ಆಗಲೇ ಹೇಳಬೇಕಿತ್ತು. ಅವರಿಬ್ಬರನ್ನು ನೋಡಿ ಬಾಯಿ ಬರಲಿಲ್ಲ. ಅತ್ತೆ ತೆಗಿ ಅಂದದ್ದನ್ನು ತೆಗೆದೆ, ಹಾಕು ಅಂದದ್ದನ್ನು ಹಾಕಿದೆ.

ಎರಡು ತಿಂಗಳ ಮೇಲೆ ಮಾವ ಒಬ್ಬರೇ ಬಂದು ಪ್ರಕಾಶಕರ ಕಾಗದವನ್ನು ಮೇಜಿನ ಮೇಲಿಟ್ಟರು. ಸಾರಾಂಶ ಹಿಡಿಸಿ ಅವರು ಕಾದಂಬರಿಯನ್ನೂ ತರಿಸಿ ಓದಿದ್ದರು. ಆದರೆ ಮಗಳ ಸಾವು ಕಾದಂಬರಿಯಲ್ಲಿ ಎಲ್ಲೂ ಇಲ್ಲ, ಬರೆದು ಸೇರಿಸಿದರೆ ಅಚ್ಚು ಹಾಕುತ್ತೇವೆ, ಇಲ್ಲವಾದರೆ ಆಗದು ಎಂದಿತ್ತು.

"ಬರೀತೀರಾ ಮಾವ?"

"ಮೂರು ಸಲ ಕೂತೆ ತಾಯಿ. ಒಂದು ಸಾಲು ಹೆಂಗೋ ಬಂದ್ಬಿಡ್ತು. ಆ ಇಡೀ ದಿನಾನ ಬರೀಬೇಕು ಅಂದ್ರೆ ಆಗಲ್ಲ."

ಕಾದಂಬರಿ ಅಚ್ಚಾಗಲಿಲ್ಲ. ಹನ್ನೊಂದು ವರ್ಷದ ಕೆಲಸ ಹೋಯಿತು, ಅದರಲ್ಲಿ ನಾನು ಸುಮ್ಮನಿದ್ದುದರ ಪಾಲೂ ಇದೆ. ಆದರೆ ಇಪ್ಪತ್ತಾರು ವರ್ಷ ಎತ್ತದಿದ್ದ ಮಗಳ ಹೆಸರನ್ನು ಆ ಮನೆಯಲ್ಲಿ ಈಗ ಗಂಡ ಹೆಂಡತಿ ಹೇಳುತ್ತಾರೆ.