ಗೊಂಬಿ ಏಟಿಗಿ ಬಿದ್ದ ಸಿನಿಮಾದಾಂವ

ಮುಂಬೈ ಸಿನಿಮಾದಾಗ ಫೈಟಿಂಗ್ ಮಾಡಾಂವಗ ಒಂದೇ ಏಟಿಗಿ ಮಣ್ಣು ಮುಕ್ಕಿಸಿದಾಂವ ಯಾರು ಗೊತ್ತದೇನ್ರಿ? ನಾನೇ! ಅದೂ ಕಟಗಿ ಗೊಂಬಿ ಕೈಲೆ!

ಹುಮನಾಬಾದದಾಗ ಮಚ್ಚೇಂದ್ರ ಕಾಕಾಂದು ಹಾಡು, ಕುಣಿತ, ನಗಿ ಎಲ್ಲಾ ಇರೂ ಗೊಂಬಿ ಆಟ. ದಿನಾ ಒಬ್ಬ ದೊಡ್ಡ ಮನುಷ್ಯಾಗ ಕರದು ಗೊಂಬಿ ಬಾಜೂಕ ನಿಂದ್ರಸ್ತಿದ್ರು. ಬಂದಾಂವ ಹೂವಿನ ಮಾಲಿ ಹಾಕ್ಕೊಂಡು ಸಪ್ಪಗ ನಿಂದ್ರತಿದ್ದ. ಪರದೆ ಹಿಂದ ಗೊಂಬಿ ಆಡಿಸಿ ಮಾತಾಡಾಂವ ನಾನು.

ಒಂದಿನ ಮುಂಬೈ ಸಿನಿಮಾದಾಗ ಫೈಟಿಂಗ್ ಮಾಡೂ ಮೋರಖಂಡಿ ಊರಿನ ಉತ್ತಮ ಬಂದಿದ್ದ. ಮುಂದಿನ ಸಾಲಿನಾಗ ಅವನ ಅವ್ವ ದ್ರೌಪತಿಬಾಯಿ ಹೊಸ ಸೀರಿ ಉಟ್ಟು ಕುಂತಿದ್ಲು.

"ಹೀರೋ ಸಾಹೇಬ್ರ, ಒಂದು ಡೈಲಾಗ್ ಹೊಡೀರಿ, ಊರು ನಡುಗಬೇಕು!" ಅಂತು ನನ್ನ ಗೊಂಬಿ.

ಉತ್ತಮ ಡೈಲಾಗ್ ಬಿಟ್ಟು ಕೊಳ್ಳಾಗಿನ ಮಾಲಿ ಸರಿ ಮಾಡ್ಕೋತ ನಿಂತ. ಮಂದಿ ನಗಾಕತ್ರು. ಅವ್ವನ ಮಾರಿ ಸಣ್ಣದಾತು.

"ಖಬರ್ದಾರ್!" ಅಂತ ಗೊಂಬಿ ಕೈ ಎತ್ತಿ ಢಿಶುಂ! ಉತ್ತಮ ಗಿರಕಿ ಹೊಡದು, ಬೆಂಚು ಹಾರಿ, ಅಂಗಾತ ಬಿದ್ದ. ಸೀಟಿಯೋ ಸೀಟಿ!

"ನನ್ ಮಗನಿಗಿ ಹೊಡೀಬ್ಯಾಡೋ, ಕಟಗಿ ಮಾರ್ಯಾ!" ಅಂತ ಅವ್ವ ನಕ್ಕೋತ ಕಣ್ಣೊರಸ್ಕೊಂಡ್ಲು.

ಖರೇ ಹೇಳಬೇಕಂದ್ರ, ಗೊಂಬಿ ಕೈ ಅವನಿಗಿ ಮುಟ್ಟೇ ಇಲ್ಲ. ಮಂದಿ ನಗುವಾಗ ಅಂವ ಪರದೆ ಕಡಿ ಬಗ್ಗಿ ಮೆಲ್ಲಕ ಅಂದಿದ್ದ: "ತಮ್ಮಾ, ಸಿನಿಮಾದಾಗ ನನಗ ಮಾತು ಕೊಡಂಗಿಲ್ಲ. ಬೀಳೂದೊಂದೇ ಬರ್ತದ. ಹೊಡಿ, ಅವ್ವ ನೋಡಾಕತ್ಯಾಳ."