ಕೊನೆಯ ಹಾಜರಿ

ಹದಿನಾರು ಆದಮೇಲೆ ಹದಿನೆಂಟು, ಹದಿನಾರು ಆದಮೇಲೆ ಹದಿನೆಂಟು — ಬೆಳಿಗ್ಗೆ ಸೀರೆಯ ನೆರಿಗೆ ಹಿಡಿಯುವಾಗಿನಿಂದ ವನಿತಾ ಇದನ್ನೇ ಬಾಯಿಪಾಠ ಮಾಡುತ್ತಿದ್ದಾಳೆ, ಯಾರಿಗಾದರೂ ಹೇಳಿಕೊಂಡರೆ ನಕ್ಕುಬಿಡುವಷ್ಟು ಚಿಕ್ಕ ಅಳುಕು, ಎಲ್ಲಿ ನಾಲಿಗೆ ತನ್ನ ಪಾಡಿಗೆ ತಾನು ಹದಿನೇಳು ಅಂದುಬಿಡುತ್ತದೋ ಎಂದು, ಜೂನ್‌ನಿಂದ ನವೆಂಬರ್‌ವರೆಗೆ ದಿನಾ ಕೂಗಿದ ಸಂಖ್ಯೆಯಲ್ಲವೇ, ಕರೆಂಟು ಹೋದಾಗಲೂ ಕಾಲಿಗೆ ಮನೆಯ ಮೆಟ್ಟಿಲು ಗೊತ್ತಿರುವ ಹಾಗೆ ನಾಲಿಗೆಗೂ ಗೊತ್ತಿರುತ್ತದೆ, ಈಗ ಮೈಕು ಬೇರೆ ಬಾಯಿಯ ಹತ್ತಿರವೇ ಇದೆ, ಉಸಿರು ಬಿಟ್ಟರೂ ಶಾಮಿಯಾನದ ಆಚೆ ತುದಿಯವರೆಗೆ ಬುಸ್ ಎನ್ನುತ್ತದೆ, ಎದುರಿಗೆ ಹತ್ತನೆಯ ತರಗತಿಯ ಇಪ್ಪತ್ತೊಂಬತ್ತು ಮಕ್ಕಳು, ಹುಡುಗಿಯರೆಲ್ಲ ಅಮ್ಮಂದಿರ ಸೀರೆಯಲ್ಲಿ, ಹುಡುಗರು ಜಾರುವ ಪಂಚೆಯನ್ನು ಮತ್ತೆ ಮತ್ತೆ ಮೇಲೆಳೆದುಕೊಳ್ಳುತ್ತ, ಅವರ ಹಿಂದೆ ಅಪ್ಪ ಅಮ್ಮಂದಿರು, ಅವಳ ಪಕ್ಕದ ಕುರ್ಚಿಯಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿ ಜಯಸಿಂಹ, ಮೇಜಿನ ಮೇಲೆ ಹಾಜರಿ ಪುಸ್ತಕ, ಪುಸ್ತಕದ ಮೇಲೆ ಸ್ಟೀಲ್ ಸ್ಕೇಲು. ಒಂದು. ಸಿದ್ಧಾರ್ಥ. ಪ್ರೆಸೆಂಟ್ ಮಿಸ್.

ಈ ಪದ್ಧತಿ ಶುರುಮಾಡಿದ್ದು ಗಿರಿಜಾದೇವಿ ಮೇಡಂ, ಇಪ್ಪತ್ತಾರು ವರ್ಷ ಈ ಶಾಲೆಯ ಹೆಡ್ಡಾಗಿದ್ದು ಹೋದ ಮೇ ತಿಂಗಳಲ್ಲಿ ನಿವೃತ್ತರಾದವರು, ಬೀಳ್ಕೊಡುಗೆಯ ದಿನ ಭಾಷಣ ಗೀಷಣ ಏನೂ ಬೇಡ, ಹೆಡ್ಡಾದವರು ಕೊನೆಯ ಸಲ ಹಾಜರಿ ಕೂಗಬೇಕು, ಹೆಸರು ಕೇಳಿದ ಮಗು ಪ್ರೆಸೆಂಟ್ ಅನ್ನಬೇಕು, ವೇದಿಕೆಗೆ ಬಂದು ತನ್ನ ಹೆಸರಿನ ಮುಂದೆ ಹಸಿರು ಶಾಯಿಯಲ್ಲಿ ತಾನೇ ಸಹಿ ಹಾಕಬೇಕು, ಅಷ್ಟೇ, ಅಷ್ಟಕ್ಕೇ ಅಮ್ಮಂದಿರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ — ಎರಡು, ಮೂರು, ಸಿರಿ ಬರುತ್ತಿದ್ದಾಳೆ, ಹೀಲ್ಸ್ ಹಾಕಿಕೊಂಡು ವೇದಿಕೆಯ ಮೆಟ್ಟಿಲಲ್ಲಿ ತಡವರಿಸಿ, ಹಿಂದಿನಿಂದ ಯಾವನೋ, ಹುಷಾರು ಆಂಟಿ, ಎಲ್ಲರೂ ನಕ್ಕರು, ವನಿತಾ ಕೂಡ ನಕ್ಕಳು, ಅವಳ ನಗು ಮೈಕಿನಲ್ಲಿ ಬೇರೆ ಯಾರದೋ ನಗುವಿನ ಹಾಗೆ ಕೇಳಿಸಿತು. ಇಪ್ಪತ್ತೊಂಬತ್ತು ವರ್ಷಕ್ಕೆ ಇನ್‌ಚಾರ್ಜ್ ಹೆಡ್ಡು. ಆ ಕುರ್ಚಿಯಲ್ಲಿ ಕೂತ ಮೊದಲ ದಿನ ಕಾಲು ನೆಲಕ್ಕೆ ಎಟುಕಲಿಲ್ಲ, ಕುರ್ಚಿ ಇಳಿಸುವ ಹಿಡಿ ಎಲ್ಲಿದೆ ಎಂದು ಕೇಳಲು ನಾಚಿಕೆ, ಒಂದು ವಾರ ತುದಿಯಲ್ಲೇ ಕೂತಿದ್ದಳು, ಎಂಟನೆಯ ತರಗತಿಯ ಚಾವಣಿ ಸೋರಿದ್ದು, ಕ್ರೀಡಾಕೂಟದಲ್ಲಿ ರಿಲೇ ಓಡುವವನು ಕೋಲು ಬಿಟ್ಟು ಟಿಫಿನ್ ಡಬ್ಬಿ ಹಿಡಿದು ಓಡಿದ್ದು, ತಪಾಸಣೆಗೆ ಬಂದವರು ಮಕ್ಕಳ ಟಾಯ್ಲೆಟ್ ಬಿಟ್ಟು ಬರೀ ಕಡತ ನೋಡಿದ್ದು, ಎಲ್ಲವನ್ನೂ ಡೈರಿಯಲ್ಲಿ ಬರೆದಿದ್ದಾಳೆ, ಮಾತಾಡಲಾಗದ್ದನ್ನೆಲ್ಲ ಬರೆಯುವವಳು, ಮೇಡಂ ನಂಗೆ ಮಾತಾಡೋಕೆ ಬರಲ್ಲ ಅಂದಿದ್ದಕ್ಕೆ ಗಿರಿಜಾದೇವಿ ಮೇಡಂ ಬೀಗದ ಗೊಂಚಲು ಕೈಗಿಡುತ್ತ, ದಿನಾ ಯಾರೇ ನಿನ್ನ ಮಾತಾಡು ಅಂತಾರೆ, ಯಾವತ್ತೋ ಒಂದಿನ ಬೇಕಾಗುತ್ತೆ, ಅವತ್ತು ಬಂದ್ರೆ ಸಾಕು ಕಣೆ. ಆರು. ಏಳು. ಏಳನೆಯವನು ಹೆಸರು ಕೂಗುವ ಮೊದಲೇ ಎದ್ದುಬಿಟ್ಟ.

ಬಲಗಡೆ ಗೇಟಿನ ಕಮಾನಿನ ಮೇಲೆ ಫ್ಲೆಕ್ಸು, ಎರಡು ವರ್ಷದಿಂದ ನೂರಕ್ಕೆ ನೂರು ಫಲಿತಾಂಶ, ಅದರ ಕೆಳಗೆ ನೀರಿನ ಡ್ರಮ್ಮು, ಡ್ರಮ್ಮಿನ ಪಕ್ಕ ಹಳದಿ ದುಪಟ್ಟಾ — ನೋಡಬಾರದು, ಆ ಕಡೆ ನೋಡಬಾರದು, ವಾಚ್‌ಮನ್ ಪಾಪಯ್ಯ ಬೆಳಿಗ್ಗೆಯೇ ಬಂದು ಹೇಳಿದ್ದ, ಮೇಡಂ ನಮ್ ಕಲ್ಯಾಣಿ ಬಂದವ್ಳೆ, ಗಾರ್ಮೆಂಟ್ಸಿಗೆ ರಜಾ ಹಾಕ್ಬುಟ್ಟು ಬಂದವ್ಳೆ ಪಾಪ, ನಾನೇ ಒಳಿಕ್ ಬಾವ್ವ ಅಂದೆ, ಊಟ ಮಾಡ್ಕಂಡ್ ಹೋಯ್ತಾಳೆ ಬುಡಿ, ತಪ್ಪೇನ್ ಮೇಡಂ? ತಪ್ಪೇನಿಲ್ಲ ಪಾಪಯ್ಯ, ಅಂದಿದ್ದಳು, ಅಂದು ಸ್ಟಾಫ್ ರೂಮಿಗೆ ಹೋಗಿ ಎರಡು ಲೋಟ ನೀರು ಕುಡಿದಿದ್ದಳು. ಹದಿನೇಳನೆಯ ನಂಬರಿನ ಕಲ್ಯಾಣಿ. ಪಾಪಯ್ಯ ಫ್ಲೆಕ್ಸು ಕಟ್ಟುವಾಗ ಏಣಿ ಹಿಡಿದುಕೊಂಡಿದ್ದವಳು, ಯಾರು ಏನು ಮಾಡುತ್ತಿದ್ದರೂ ಹತ್ತಿರ ಬಂದು, ನಾನ್ ಹಿಡ್ಕೋತೀನಿ ಅನ್ನುವವಳು, ಲ್ಯಾಬಿನಲ್ಲಿ ಪ್ರನಾಳ ಹಿಡಿದುಕೊಂಡು, ಮಳೆಯಲ್ಲಿ ಎಲ್ಲರ ಬ್ಯಾಗು ಹಿಡಿದುಕೊಂಡು, ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಎಂಬತ್ತಕ್ಕೆ ಒಂಬತ್ತು. ಆ ಗಣಿತ ಕಲಿಸಿದವಳು ವನಿತಾ. ಒಂಬತ್ತು ಯಾರದು, ಅವಳದೋ ಇವಳದೋ. ಒಂಬತ್ತು. ವೇಣು. ಪ್ರೆಸೆಂಟ್ ಮಿಸ್! — ಪೂರ್ತಿ ಬೀದಿಗೆ ಕೇಳುವ ಹಾಗೆ, ಮುಂದಿನ ಸಾಲಿನಲ್ಲಿದ್ದ ಅವನ ಅಜ್ಜಿ ಕಿವಿ ಮುಚ್ಚಿಕೊಂಡಿತು.

ಅವತ್ತು ನವೆಂಬರ್, ಮೋಡ, ಪರೀಕ್ಷಾ ಮಂಡಳಿಗೆ ಹೆಸರು ಕಳಿಸಲು ನಾಲ್ಕು ದಿನ ಬಾಕಿ, ಜಯಸಿಂಹ ಅಂಕಪಟ್ಟಿ ಮಡಿಸಿ ಬೀಸಣಿಗೆ ಮಾಡಿಕೊಂಡು, ಒಂದ್ ಹುಡುಗಿಗೋಸ್ಕರ ಗೇಟಿನ ಬೋರ್ಡ್ ಇಳಿಸ್ಲಾ ವನಿತಾ, ಪ್ರೈವೇಟಾಗಿ ಕಟ್ಲಿ ಬಿಡಿ, ನಾವೇನು ಓದ್ಬೇಡ ಅಂದ್ವಾ, ನಿಮ್ ಮೇಲೆ ಭರವಸೆ ಇಟ್ಟು ಕೂರ್ಸಿದೀನಿ ಆ ಕುರ್ಚೀಲಿ — ಹೂಂ ಸಾರ್ ಅಂದಳು, ಹುಟ್ಟಿದಾಗಿನಿಂದ ಅಂದುಕೊಂಡು ಬಂದ ಹೂಂ, ಬೇಡ ಎನ್ನುವ ಮಾತು ಗಂಟಲಿನವರೆಗೆ ಬರುತ್ತದೆ, ಅಲ್ಲಿ ಬಾಗಿಲು ಹಾಕಿರುತ್ತದೆ. ಮಾರನೆಯ ದಿನ ಕಲ್ಯಾಣಿಯ ಅಮ್ಮ ರುದ್ರಮ್ಮ ಬಂದರು, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಿಂದ ಎರಡು ಗಂಟೆ ಪರ್ಮಿಷನ್ ಕೇಳಿಕೊಂಡು, ಕುರ್ಚಿ ಇದ್ದರೂ ನಿಂತೇ, ಸೀರೆಗೆಲ್ಲ ನೂಲಿನ ಎಳೆ ಅಂಟಿಕೊಂಡಿತ್ತು, ನಮಗೇನ್ ಗೊತ್ತಾಯ್ತದೆ ಮೇಡಂ, ನೀವ್ ಹೇಳಿದ್ರೆ ಸರಿಯಾಗೇ ಇರ್ತದೆ, ಎಲ್ಲಿ ಸೈನು? ಅರ್ಜಿ ಬರೆದುಕೊಟ್ಟಿದ್ದೂ ವನಿತಾಳೇ, ಕಾರಣ ಅನ್ನುವ ಜಾಗದಲ್ಲಿ ವಾಸಸ್ಥಳ ಬದಲಾವಣೆ, ವಾಸಸ್ಥಳ ಎಲ್ಲೂ ಬದಲಾಗಿರಲಿಲ್ಲ, ವಾಟರ್ ಟ್ಯಾಂಕಿನ ಹಿಂದಿನ ಅದೇ ಬೀದಿ, ಅದೇ ಶೀಟಿನ ಮನೆ. ಆಮೇಲೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯಬೇಕಿತ್ತು, ಹೆಸರಿನ ಮೇಲೆ, ಈ ತುದಿಯಿಂದ ಆ ತುದಿಗೆ, ಸ್ಕೇಲು ಇಟ್ಟಳು, ಸ್ಕೇಲು ಜಾರಿತು, ಮತ್ತೆ ಇಟ್ಟಳು, ಮತ್ತೆ ಜಾರಿತು, ಆಗ ಮೇಜಿನ ಆಚೆ ನಿಂತಿದ್ದ ಕಲ್ಯಾಣಿ ಬಗ್ಗಿ, ಅಳ್ಳಾಡ್ತಿದೆ ಮಿಸ್, ನಾನ್ ಹಿಡ್ಕೋತೀನಿ — ಎರಡು ಬೆರಳು, ಸ್ಕೇಲಿನ ಆ ತುದಿಯಲ್ಲಿ, ಉಗುರಿನಲ್ಲಿ ದೀಪಾವಳಿಯ ಗೋರಂಟಿ ಅರ್ಧ ಬೆಳೆದುಹೋಗಿತ್ತು. ಗೆರೆ ನೆಟ್ಟಗೆ ಬಂತು. ಅವತ್ತಿನ ಡೈರಿಯಲ್ಲಿ ಒಂದೇ ಸಾಲಿದೆ: ಇವತ್ತು ಮೋಡ, ಗೆರೆ ನೆಟ್ಟಗೆ ಬಂತು.

ಹನ್ನೊಂದು. ಹನ್ನೆರಡು. ಸಹಿ ಹಾಕಿ ತಲೆಯೆತ್ತುವ ಮಕ್ಕಳ ಕಣ್ಣು ಒಂದು ಕ್ಷಣ ಆ ಕೆಂಪು ಗೆರೆಯ ಹತ್ತಿರ ನಿಲ್ಲುತ್ತದೆ, ನಿಂತು ಜಾರುತ್ತದೆ, ಅವರಿಗೆ ಗೊತ್ತಿದೆ, ಕಲ್ಯಾಣಿ ಎಲ್ಲಿ ಮಿಸ್ ಅಂದಾಗ ಊರಿಗೆ ಹೋದಳು ಅಂದಿದ್ದಳು ವನಿತಾ, ಅವರೆಲ್ಲ ಸಂಜೆ ಅದೇ ಬೀದಿಯಲ್ಲಿ ಅವಳ ಜೊತೆ ಪಾನಿಪುರಿ ತಿನ್ನುವವರು, ಆದರೂ ಒಬ್ಬರೂ ಎದುರಾಡಲಿಲ್ಲ, ಟೀಚರ ಸುಳ್ಳನ್ನು ಮಕ್ಕಳು ಹೀಗೆ ಕಾಪಾಡುತ್ತಾರೆ ಎಂದು ಅವಳಿಗೆ ಗೊತ್ತಿರಲಿಲ್ಲ. ಪ್ರೈವೇಟ್ ಅರ್ಜಿ ನಾನೇ ತುಂಬಿಕೊಡ್ತೀನಿ, ಭಾನುವಾರ ಮನೆಗೆ ಬಾ, ಲೆಕ್ಕಾನೂ ಹೇಳ್ಕೊಡ್ತೀನಿ — ಇದನ್ನೂ ಅವಳೇ ಅಂದಿದ್ದಳು. ಮೊದಲ ಭಾನುವಾರ ಕಲ್ಯಾಣಿ ಬಂದಾಗ ತನ್ನ ಅಮ್ಮನ ಕೈಲಿ ಮನೇಲಿಲ್ಲ ಎನ್ನಿಸಿದಳು, ಎರಡನೆಯ ಭಾನುವಾರವೂ, ಒಳಗಿನ ರೂಮಿನ ಪರದೆಯ ಸಂದಿಯಿಂದ ನೋಡಿದಳು, ಕಲ್ಯಾಣಿ ಗೇಟಿನ ಹತ್ತಿರ ಎರಡು ನಿಮಿಷ ನಿಂತು, ಅರ್ಜಿಯ ಹಾಳೆ ಮಡಿಸಿ ಗಣಿತದ ಪುಸ್ತಕದೊಳಗೆ ಇಟ್ಟುಕೊಂಡು, ಬೀಳುವಂತಿದ್ದ ಹೂಕುಂಡವನ್ನು ಸರಿಮಾಡಿ ಹೋದಳು. ವನಿತಾಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ, ಅಷ್ಟೇ, ಬೇರೆ ಕಾರಣವಿರಲಿಲ್ಲ. ಕೊನೆಯ ದಿನಾಂಕ ಕಳೆಯಿತು. ಈ ವರ್ಷ ಅವಳು ಪರೀಕ್ಷೆ ಬರೆಯುವುದಿಲ್ಲ, ಅಮ್ಮನ ಜೊತೆ ಬೆಳಿಗ್ಗೆ ಏಳೂವರೆಗೆ ಬಸ್ಸು ಹತ್ತಿ ಹೋಗಿ ಅಂಗಿಗಳ ಹೊಲಿಗೆಯಿಂದ ಇಳಿಬಿದ್ದ ನೂಲಿನ ತುದಿ ಕತ್ತರಿಸುತ್ತಾಳೆ, ಅದೇ ಎರಡು ಬೆರಳಿನಲ್ಲಿ ಹಿಡಿದು.

ಹದಿನಾಲ್ಕು — ಜಯಸಿಂಹ ಬಗ್ಗಿ ಪಿಸುಗುಟ್ಟಿದರು, ಸ್ವಲ್ಪ ಬೇಗ ಬೇಗ, ಬಿಸಿಬೇಳೆಬಾತ್ ಆರೋಗತ್ತೆ, ಆಮೇಲೆ ನಿಮ್ದೂ ಒಂದ್ ಅನೌನ್ಸ್‌ಮೆಂಟ್ ಇದೆಯಲ್ಲ, ಕಣ್ಣು ಮಿಟುಕಿಸಿದರು, ಇವತ್ತಿನಿಂದ ಇನ್‌ಚಾರ್ಜ್ ಅನ್ನೋದನ್ನ ತೆಗೆದುಬಿಡೋಣ, ಫುಲ್ ಹೆಡ್ಡು, ಅವರ ಜೇಬಿನಲ್ಲಿ ಅದರ ಪತ್ರ, ವನಿತಾಳ ಅಮ್ಮ ನಿನ್ನೆಯೇ ಬನಶಂಕರಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದಿದ್ದಾಳೆ, ಹೂಂ ಸಾರ್ — ಅದು ಮೈಕಿನಲ್ಲಿ ಹೋಯಿತು, ಹೂಂ ಸಾರ್, ಎರಡು ಸ್ಪೀಕರಿನಿಂದ, ಮಕ್ಕಳು ಕಿಸಕ್ಕೆಂದರು, ತನ್ನ ಹೂಂ ಹೊರಗಿನವರಿಗೆ ಹೀಗೆ ಕೇಳಿಸುತ್ತದೆಯೇ, ಇಷ್ಟು ದೊಡ್ಡದಾಗಿ, ಇಷ್ಟು ಟೊಳ್ಳಾಗಿ. ಹದಿನೈದು. ಪ್ರೆಸೆಂಟ್ ಮಿಸ್. ಹದಿನಾರು ಆದಮೇಲೆ ಹದಿನೆಂಟು. ಎಷ್ಟು ಸುಲಭ, ಒಂದು ಸಾಲು ದಾಟಿದರೆ ಮುಗಿಯಿತು, ಇನ್ನು ಹದಿಮೂರು ಹೆಸರು, ಊಟ, ಗ್ರೂಪ್ ಫೋಟೋ. ಹದಿನಾರು. ಶ್ರೀದೇವಿ. ಶ್ರೀದೇವಿ ಬಂದಳು, ಕಲ್ಯಾಣಿಯ ಬೆಂಚಿನ ಜೊತೆಗಾತಿ, ಸಹಿ ಹಾಕಿದಳು, ಪೆನ್ನು ಕೆಳಗಿಡಲಿಲ್ಲ, ಕೆಂಪು ಗೆರೆಯನ್ನು ನೋಡುತ್ತಲೇ ಮೆಲ್ಲಗೆ, ಮಿಸ್, ಅವ್ಳೂ ಬಂದಿದಾಳೆ, ಈ ಸೀರೆ ಅವಳಮ್ಮಂದೇ, ನೀನೇ ಉಟ್ಕೊಂಡ್ ಹೋಗೇ ಅಂತ ಕೊಟ್ಲು, ನೆರಿಗೆನೂ ಅವ್ಳೇ ಹಿಡಿದಿದ್ದು. ಪೆನ್ನಿಟ್ಟು ಇಳಿದು ಹೋದಳು.

ಸ್ಕೇಲನ್ನು ಮುಂದಿನ ಸಾಲಿಗೆ ಸರಿಸಬೇಕು, ಎರಡು ಸಾಲು, ಸ್ಕೇಲು ಜಾರುತ್ತಿದೆ, ಸರಿಸಿದರೂ ಹದಿನಾರರ ಹತ್ತಿರಕ್ಕೇ ವಾಪಸ್ ಬರುತ್ತದೆ, ಆ ತುದಿಯನ್ನು ಹಿಡಿಯಲು ಯಾರೂ ಇಲ್ಲ, ಫ್ಯಾನಿನ ಗಾಳಿಗೆ ಹಾಳೆ ಏಳುತ್ತಿದೆ, ಏನಾಯ್ತು ಮೇಡಂ, ಮುಂದಿನದು ಹೇಳಿ, ಹದಿನೆಂಟು ಹೇಳಿ, ಜಯಸಿಂಹ ಹಲ್ಲು ಕಚ್ಚಿ ನಗುತ್ತಲೇ, ಹದಿನೆಂಟನೆಯ ಹುಡುಗ ಆಗಲೇ ಕುರ್ಚಿಯಿಂದ ಅರ್ಧ ಎದ್ದು ಪಂಚೆ ಹಿಡಿದುಕೊಂಡಿದ್ದಾನೆ, ಗೇಟಿನ ಹತ್ತಿರ ಹಳದಿ ದುಪಟ್ಟಾ ಅಲ್ಲಾಡುತ್ತಿಲ್ಲ, ಅವಳು ನೋಡುತ್ತಿದ್ದಾಳೆ, ಕೋಪವಿಲ್ಲ, ಅದೇ ಕಷ್ಟ, ಮಿಸ್ ಸ್ಕೇಲು ಜಾರುತ್ತಿದೆ ಎಂದು ದೂರದಿಂದಲೇ ಕಂಡವಳ ಹಾಗೆ ಒಂದು ಹೆಜ್ಜೆ ಮುಂದಿಟ್ಟು, ತಾನು ಇಲ್ಲಿಯವಳಲ್ಲ ಎಂದು ನೆನಪಾಗಿ, ನಿಂತಳು — ಎರಡು ಬೆರಳು, ಗೋರಂಟಿ ಬೆಳೆದ ಉಗುರು, ಅಳ್ಳಾಡ್ತಿದೆ ಮಿಸ್, ಎರಡು ಬೆರಳು.

ಹದಿನೇಳು, ಅಂದಳು ವನಿತಾ. ನಾಲಿಗೆ ಜಾರಿದ್ದಲ್ಲ. ಕಲ್ಯಾಣಿ.

ಡ್ರಮ್ಮಿನ ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ವನಿತಾ, ಎಂದರು ಜಯಸಿಂಹ, ಎಚ್ಚರಿಕೆಯ ದನಿಯಲ್ಲಿ, ಮೈಕಿನತ್ತ ಕೈ ಚಾಚಿ, ಅವಳು ಮೈಕನ್ನು ಸ್ಟ್ಯಾಂಡಿನಿಂದ ಕಿತ್ತು ಎದೆಯ ಹತ್ತಿರ ಹಿಡಿದುಕೊಂಡಳು, ಇಷ್ಟು ಹಗುರ ಇರುತ್ತದೆಯೇ ಇದು,

ಕಲ್ಯಾಣಿ ಊರಿಗೆ ಹೋಗಿರ್ಲಿಲ್ಲ. ಗೇಟಿನ ಮೇಲಿನ ಆ ನೂರಕ್ಕೋಸ್ಕರ ಅವಳನ್ನ ಸ್ಕೂಲಿಂದ ತೆಗೆದಿದ್ದು ನಾನು.

ಮೇಜಿನ ಆಚೆ ಹಳದಿ ದುಪಟ್ಟಾ, ಸ್ಕೇಲಿನ ಆ ತುದಿಯಲ್ಲಿ ಎರಡು ಬೆರಳು.