ಮಲ್ಲಟದ ಹೊಸ ಪ್ರಭೇದ

ಅಮ್ಮ ಜ್ವರ ಹಿಡಿದು ಆಸ್ಪತ್ರೆ ಸೇರಿದ ವಾರವೇ ನನ್ನ ಬ್ಯಾಕ್ಟೀರಿಯಾ ಹೊಸ ಪ್ರಭೇದವೆಂದು ಖಚಿತವಾಯಿತು. ಎರಡಕ್ಕೂ ಸಂಬಂಧ ಇರಬಹುದೆಂದು ನನಗೆ ಹೊಳೆಯಲಿಲ್ಲ. ಓದಿ ಓದಿ ಮರುಳಾದ ಕೂಚಂಭಟ್ಟ ಅನ್ನುತ್ತಾರಲ್ಲ, ಅದು ನಾನೇ.

ರಾಯಚೂರಿನ ಒಂದು ಪ್ರಯೋಗಾಲಯದಲ್ಲಿ ಕೂತು ದೇವದುರ್ಗ, ಮಾನ್ವಿ ಕಡೆಯ ಹೊಲಗಳ ಮಣ್ಣಿನಲ್ಲಿ ಯಾವ ಯಾವ ಸೂಕ್ಷ್ಮಜೀವಿಗಳಿವೆ ಎಂದು ಗುರುತಿಸುವುದು ನನ್ನ ಕೆಲಸ. ಶ್ರಾವಣದಲ್ಲಿ ಮಲ್ಲಟದ ಪಕೀರಮ್ಮನ ಭತ್ತದ ಗದ್ದೆಗೆ ಹೋಗಿದ್ದೆ.

"ಬರಿಗಾಲಾಗ ಇಳಿಬ್ಯಾಡ್ರಿ ಯವ್ವಾ," ಅಂದಳು ಆಕೆ. "ಕಾಲು ಕುಯ್ಕೊಂಡು ಈ ಕೆಸರಾಗ ನಾಟಿ ಮಾಡಿದ ಇಬ್ರು ಜ್ವರ ಬಂದು ಹೋದ್ರು."

ನಾನು ನನ್ನ ಬೂಟು ತೋರಿಸಿ ನಕ್ಕೆ.

ಪರೀಕ್ಷೆಗೆ ಬೇಕಾದದ್ದು ಹತ್ತು ಗ್ರಾಂ. ಉಳಿದ ಮಣ್ಣನ್ನು ಕ್ರಿಮಿಗಳು ಸಾಯುವಂತೆ ಬೇಯಿಸಿ ಚೆಲ್ಲಬೇಕೆಂಬುದು ನಿಯಮ. ಸಂಜೆಯಾಗಿತ್ತೆಂದು ಮಣ್ಣಿನ ಚೀಲವನ್ನು ಮನೆಗೇ ತಂದೆ. ಆ ಕಪ್ಪು ಮಣ್ಣು ನೋಡಿ ಅಮ್ಮನಿಗೆ ಆಸೆಯಾಯಿತು.

"ತುಳಸಿಗೆ ಹಾಕ್ತೀನಿ, ಒಂದಿಷ್ಟು ಕೊಡು ಪೂರ್ಣಿ. ಬೇಯಿಸಿ ಚೆಲ್ಲೂವಂಥಾದ್ದು ಏನದ ಇದರಾಗ?"

ಕೊಟ್ಟೆ. ನಮ್ಮ ಮನೆಗಳಲ್ಲಿ ತುಳಸಿಯ ಬುಡದ ಮಣ್ಣು ಬರೀ ಮಣ್ಣಲ್ಲ, ಮೃತ್ತಿಕೆ. ಪೂಜೆ ಮುಗಿದ ಮೇಲೆ ಅಮ್ಮ ಅದನ್ನು ಹಣೆಗೆ ಹಚ್ಚಿಕೊಂಡು, ಒಂದು ಚಿಟಿಕೆ ತೀರ್ಥಕ್ಕೆ ಬೆರೆಸಿ ಕುಡಿಯುತ್ತಾಳೆ. ಇದು ಹುಟ್ಟಿದಾಗಿನಿಂದ ನಾನು ನೋಡಿದ್ದು. ಗೊತ್ತಿದ್ದೂ ಕೊಟ್ಟೆ.

ಪ್ರಯೋಗಾಲಯದಲ್ಲಿ ಆ ಮಣ್ಣಿನಿಂದ ಒಣ ಹಪ್ಪಳದಂತೆ ಸುಕ್ಕುಗಟ್ಟಿದ ಒಂದು ಬ್ಯಾಕ್ಟೀರಿಯಾ ಬೆಳೆಯಿತು. ಅದರ ಜೀನೋಮ್ ಈವರೆಗೆ ಹೆಸರಿಟ್ಟ ಯಾವುದಕ್ಕೂ ಪೂರ್ತಿ ಹೊಂದಲಿಲ್ಲ. ಹತ್ತಿರದ ಬಂಧು ಮಾತ್ರ ಮನುಷ್ಯರನ್ನು ಕೊಲ್ಲುವುದರಲ್ಲಿ ಹೆಸರು ಮಾಡಿದ್ದು. ಬಂಧು ಕೆಟ್ಟವನಾದರೆ ಇವನೂ ಕೆಟ್ಟವನಾಗಬೇಕೇನು ಎಂದುಕೊಂಡೆ. ಎರಡೂ ಬೇರೆ ಎಂದು ತೋರಿಸಲು ಆರು ಔಷಧಗಳನ್ನು ಹಚ್ಚಿ ನೋಡಿದೆ. ಬಂಧು ಸಾಯುವ ಆ ಆರು ಮದ್ದಿಗೂ ನನ್ನದು ಜಗ್ಗಲಿಲ್ಲ! ಖುಷಿಗೆ ಎಲ್ಲರಿಗೂ ಜಾಮೂನು ಹಂಚಿದೆ.

ಆಸ್ಪತ್ರೆಯ ಮಂಚದ ಮೇಲಿದ್ದ ಅಮ್ಮನನ್ನು ಹೆಸರು ಏನಿಡಲಿ ಎಂದು ಕೇಳಿದೆ. ಮಳೆಗಾಲದ ಜ್ವರ, ನಾಲ್ಕು ದಿನಕ್ಕೆ ಇಳಿಯುತ್ತದೆ ಅಂತಲೇ ನಂಬಿದ್ದೆ.

"ಪಕೀರಮ್ಮನ ಹೆಸರಿಡು," ಅಂದಳು ಕೆಮ್ಮುತ್ತ. "ಮಣ್ಣು ಅಕೀದಲ್ಲೇನು?"

ಮರುದಿನ ಆಸ್ಪತ್ರೆಯ ಲ್ಯಾಬಿನ ಅರ್ಬಾಜ್ ಫೋನ್ ಮಾಡಿದ. "ಮೇಡಂ, ಅಮ್ಮಾರ ರಕ್ತದಾಗ ಏನೋ ಬೆಳದದ. ಮಷೀನ್ ಹೆಸರೇ ಹೇಳವಲ್ದು. ನೀವು ಇದೇ ಕೆಲಸದೋರು, ಒಮ್ಮೆ ಬಂದು ನೋಡ್ರಿ."

ಹೋಗಿ ನೋಡಿದೆ. ತಟ್ಟೆಯ ತುಂಬ ಅದೇ ಸುಕ್ಕು. ಅಲ್ಲಿಂದ ಅಮ್ಮನ ವಾರ್ಡಿಗೆ ಓಡಿದೆ. ತುಳಸಿ, ಮಣ್ಣು, ತೀರ್ಥ, ಎಲ್ಲವನ್ನೂ ಅಮ್ಮನಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರ್ ಕಿರಣಕುಮಾರ ಅವರಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅವರ ಮುಖ ಕೊಂಚ ಹಗುರಾಯಿತು.

"ಛಲೋ ಆತು, ಗೊತ್ತಿದ್ದೋರು ಸಿಕ್ರಿ. ಈಗ ಹಚ್ಚಿದ ಔಷಧ ನಾಟವಲ್ದು."

ಅಮ್ಮನ ಮಂಚಕ್ಕೆ ನೇತುಹಾಕಿದ್ದ ಬಾಟಲಿಯನ್ನು ಓದಿದೆ. ನನ್ನ ಆರು ಔಷಧಗಳ ಪಟ್ಟಿಯಲ್ಲಿ ಎರಡನೆಯ ಹೆಸರು.

"ಇದಕ್ಕ ಅದು ಸಾಯೂದಿಲ್ರಿ," ಅಂದು, ಉಳಿದ ಐದರ ಹೆಸರು ಹೇಳಿ ಅವಕ್ಕೂ ಸಾಯುವುದಿಲ್ಲ ಎಂದೆ.

"ಮತ್ತ ಯಾವುದಕ್ಕ ಸಾಯ್ತದ?"

ಬೇರೆ ಎಂದು ತೋರಿಸಲು ಎಷ್ಟು ಬೇಕೋ ಅಷ್ಟನ್ನೇ ನಾನು ಪರೀಕ್ಷಿಸಿದ್ದೆ. ಕೊಲ್ಲುವುದು ಹೇಗೆಂದು ನನ್ನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ನೋಡಿಲ್ರಿ," ಅಂದೆ. "ಈಗ ಪರೀಕ್ಷೆಗೆ ಹಚ್ಚಿದ್ರ ಎರಡು ದಿನಕ್ಕ ಗೊತ್ತಾಗ್ತದ."

ಅವರು ಅಮ್ಮನ ಕಡೆ ನೋಡಿ ದನಿ ತಗ್ಗಿಸಿದರು.

"ಎರಡು ದಿನ ತಡಿಯೂದಿಲ್ರಿ ಅವರು."